ದಿವಾನಜಿಯವರ ಮನೆ ನೋಡುವ ಶಾಸ್ತ್ರ

ದಿವಾನಜಿಯವರ ಊರು ಕುರ್ಡಿಯ ಬಸ್ ನಿಲ್ದಾಣದ ಬೇವಿನ ಮರಕ್ಕೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ಅವರ ತಲೆಯ ಮೇಲೆ ಟೊಪ್ಪಿಗೆ ಇರಲಿಲ್ಲ. ಒಂಬತ್ತು ವರ್ಷದಿಂದ ಬಲ್ಲ ಮನುಷ್ಯ. ಆ ಬಿಳಿ ಟೊಪ್ಪಿಗೆಯ ಕೆಳಗೆ ಪೂರ್ತಿ ಬೋಳುತಲೆ ಇತ್ತೆಂದು ನನಗೆ ಗೊತ್ತಾದದ್ದು ಅವರು ತೀರಿಕೊಂಡ ಮೂರನೆಯ ದಿನ. ಫ್ಲೆಕ್ಸ್ ಮಾಡಿದವನು ಆಧಾರ್ ಕಾರ್ಡಿನ ಫೋಟೋವನ್ನೇ ಹಿಗ್ಗಿಸಿ, ಹಿಂದೆ ಹಿಮದ ಗುಡ್ಡಗಳನ್ನು ಕೂಡಿಸಿದ್ದ. ಹೈದರಾಬಾದಿನ ಆಚೆ ಕಾಲಿಡದ ಮನುಷ್ಯ ಹಿಮಾಲಯದ ಮುಂದೆ ನಿಂತು ನನ್ನನ್ನೇ ನೋಡುತ್ತಿದ್ದರು. ಜೊತೆಗೆ ಬಂದಿದ್ದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು, ಎಂಥ ಮನುಷ್ಯ ನೋಡಿ, ಬೋಳುತಲೆಯ ಬಗ್ಗೆ ಯೋಚಿಸುತ್ತಿದ್ದೆ.

ಅವರ ಹೆಸರು ಬರೆಯುವುದಿಲ್ಲ. ಮಿಲ್ಲಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ನಮ್ಮ ಕಡೆ ಅಂಗಡಿ, ಮಿಲ್ಲುಗಳ ಹಿರಿಯ ಗುಮಾಸ್ತರಿಗೆ ದಿವಾನಜಿ ಅನ್ನುತ್ತಾರೆ. ಇವರು ಮಾನ್ವಿಯ ಹೊರಗಿರುವ ನಮ್ಮ ರೈಸ್ ಮಿಲ್ಲಿಗೆ ಈಗಿನ ಸಾವ್ಕಾರರ ತಂದೆಯ ಕಾಲದಲ್ಲೇ ಬಂದವರು. ಓದಿದ್ದು ಏಳನೆಯ ಇಯತ್ತೆ. ನಾನು ಓದಿದ್ದು ಎಂಬಿಎ. ಈ ವ್ಯತ್ಯಾಸವನ್ನು ಅವರು ಒಂದು ದಿನವೂ ಮರೆಯಲಿಲ್ಲ. ನಾನಂತೂ ಮರೆಯಲು ಬಿಡುತ್ತಲೇ ಇರಲಿಲ್ಲ.

ನಾನು ಆ ಮಿಲ್ಲಿಗೆ ಸೇರಿದ್ದು ಸಿಬ್ಬಂದಿ ಅಧಿಕಾರಿಯಾಗಿ. ಅದಕ್ಕೆ ಮುಂಚೆ ರಾಯಚೂರಿನ ಮನೆಯಲ್ಲಿ ಎರಡು ವರ್ಷ ಖಾಲಿ ಕುಳಿತಿದ್ದೆ. ನೆಂಟರು ಕೇಳಿದರೆ ‘ಅವಕಾಶಗಳನ್ನು ಪರಿಶೀಲಿಸುತ್ತಿದ್ದೇನೆ’ ಅನ್ನುತ್ತಿದ್ದೆ. ಸಂದರ್ಶನಕ್ಕೆ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ ಇಪ್ಪತ್ತೆರಡು ಸ್ಲೈಡ್ ತೋರಿಸಿದೆ. ವಿಷಯ: ‘ಗ್ರಾಮೀಣ ಉದ್ದಿಮೆಗಳಲ್ಲಿ ಮಾನವ ಸಂಪನ್ಮೂಲ, ಸವಾಲು ಮತ್ತು ಪರಿಹಾರ’. ಏಳನೆಯ ಸ್ಲೈಡಿಗೆ ಸಾವ್ಕಾರರು ಆಕಳಿಸಿದರು. ಮೂಲೆಯಲ್ಲಿ ಧೋತರ ಉಟ್ಟು, ಬಿಳಿ ಟೊಪ್ಪಿಗೆ ಹಾಕಿಕೊಂಡು ಕುಳಿತಿದ್ದ ಹಿರಿಯರೊಬ್ಬರು ಮಾತ್ರ ಇಪ್ಪತ್ತೆರಡನ್ನೂ ಕಣ್ಣು ಮಿಟುಕಿಸದೆ ನೋಡಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

“ನಿಮ್ಮ ಅವ್ವಾರ ಮೊಣಕಾಲು ಈಗ ಹೆಂಗದಾವ್ರೀ?”

ನನಗೆ ನಗು ಬಂತು. ಐವತ್ತು ದಾಟಿದ ತಾಯಂದಿರಿಗೆಲ್ಲ ಮೊಣಕಾಲು ನೋವು ಇದ್ದೇ ಇರುತ್ತದೆಂಬ ಧೈರ್ಯದ ಮೇಲೆ ಕೇಳಿದ್ದಾರೆ ಅಂದುಕೊಂಡೆ. “ಅಡ್ಡಿಯಿಲ್ರಿ” ಎಂದೆ. ಕೆಲಸ ಸಿಕ್ಕಿತು. ಮನೆಗೆ ಬಂದು, ಸ್ಲೈಡುಗಳು ಗೆದ್ದವು ಎಂದು ಅವ್ವನ ಮುಂದೆ ಎದೆ ಉಬ್ಬಿಸಿದೆ. ಅವತ್ತು ತಟ್ಟೆಯಲ್ಲಿದ್ದ ಅನ್ನ ಮಲ್ಲಿಗೆ ಮೊಗ್ಗಿನಂತಿತ್ತು. “ಅಕ್ಕಿ ಭಾಳ ಛಲೋ ಅದಲ್ಲವ್ವಾ, ಎಲ್ಲಿಂದು?” ಅಂದೆ. “ಯಾರೋ ಕೊಟ್ಟಾರ, ಉಣ್ಣು” ಅಂದಳು.

ಸೇರಿದ ಮೇಲೆ ತಿಳಿಯಿತು, ನನ್ನ ಕೆಲಸವನ್ನು ದಿವಾನಜಿಯವರು ಆಗಲೇ ಮಾಡುತ್ತಿದ್ದರು. ಅಕ್ಕಿಯನ್ನು ಬಣ್ಣ ನೋಡಿ ಬೇರ್ಪಡಿಸುವ ಯಂತ್ರ ಬಂದಿತ್ತು. ಕಂಪ್ಯೂಟರ್ ಬಂದಿತ್ತು. ಓದಿದ ಹುಡುಗರು ಬೇಕಾಗಿತ್ತು. ವಿಶ್ವವಿದ್ಯಾಲಯದಲ್ಲಿ ಓದಿ ಬಂದವರನ್ನು ಅಕ್ಕಿ ಮಿಲ್ಲಿಗೆ ಕರೆತರುವುದೆಂದರೆ ಸಾಮಾನ್ಯವೇ? ದಿವಾನಜಿ ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಹೆಣ್ಣು ನೋಡಲು ಹೋದಂತೆ ಹುಡುಗನ ಮನೆಗೇ ಹೋಗುವುದು. ಕೈಚೀಲದಲ್ಲಿ ಮಿಲ್ಲಿನ ಸೋನಾ ಮಸೂರಿ ಅಕ್ಕಿಯ ಗಂಟು. ಕೊಟ್ಟ ಉಪ್ಪಿಟ್ಟು ತಿಂದು, ದನ ಕರು ವಿಚಾರಿಸಿ, ಏಳುವಾಗ, “ನಾವು ನಿಮ್ಮನಿ ನೋಡಿದಿವಿ. ಈಗ ನೀವು ಬಂದು ನಮ್ಮನಿ ನೋಡ್ರಿ” ಎಂದು ಹೇಳಿ ಬರುವುದು. ನಮ್ಮಲ್ಲಿ ಮದುವೆ ಮಾತು ಮುಗಿಯುವ ಮೊದಲು ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುತ್ತಾರಲ್ಲ, ನೀರು ಎಲ್ಲಿಂದ, ಒಲೆ ಎಲ್ಲಿ, ಅತ್ತೆಯ ಬಾಯಿ ಹೇಗೆ ಎಂದು? ಹಾಗೆ ಹುಡುಗನ ಮನೆಯವರು ಬಂದು ಮಿಲ್ಲು ನೋಡಿ ಹೋಗಬೇಕು.

“ಹುಡುಗ ಬರ್ತಾನ್ರಿ ಸಾಹೇಬ್ರ. ಮನಿಯವರು ಬರಂಗಿಲ್ಲ. ಅವರು ಹಿಂದ ನಿಂತು ಜಗ್ಗತಾರ” ಎಂದು ನನಗೆ ತಿಳಿಸಿ ಹೇಳುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು. ಒಮ್ಮೆ ನನ್ನೆದುರಿಗೇ ಒಬ್ಬ ಹುಡುಗನ ತಂದೆಯನ್ನು ಕೇಳಿದರು, “ಯಜಮಾನ್ರ, ನಾಳೆ ಸಂತ್ಯಾಗ ಯಾರರ ‘ಮಗ ಎಲ್ಲದಾನ’ ಅಂತ ಕೇಳಿದ್ರ ಏನಂತ ಹೇಳ್ತೀರಿ?”

ಆತ ನೆಲ ನೋಡುತ್ತ, “ಮಿಲ್ಲಿನ್ಯಾಗ ಅದಾನಂತೀನ್ರಿ” ಅಂದ.

“ಹಂಗಲ್ರಿ. ತಲಿ ಎತ್ರಿ. ‘ಮಾನ್ವ್ಯಾಗ ಮಷೀನ್ ಆಫೀಸರ್ ಅದಾನ’ ಅನ್ರಿ.”

ಆತ ಅಂದ. ದಿವಾನಜಿ ಮೂರು ಸಲ ಅನ್ನಿಸಿದರು. ಮೂರನೆಯ ಸಲಕ್ಕೆ ಆತ ಮೀಸೆಯ ಮೇಲೆ ಕೈ ಹಾಕಿದ್ದ. ನಾನು ಇಂಥದೇ ಒಂದು ಹುದ್ದೆಗೆ ‘ಜೂನಿಯರ್ ಎಕ್ಸಿಕ್ಯೂಟಿವ್, ಕ್ವಾಲಿಟಿ ಅಶ್ಯೂರೆನ್ಸ್’ ಎಂದು ಹೆಸರಿಟ್ಟು ತೋರಿಸಿದಾಗ ಅವರು ಕನ್ನಡಕ ಏರಿಸಿ ಓದಿಸಿಕೊಂಡು, “ಇದನ್ನ ಅವರ ಅಜ್ಜಿಗೆ ಅನ್ನಾಕ ಬರ್ತದೇನ್ರೀ?” ಎಂದು ಕೇಳಿದರು. ನನಗೆ ಸಿಟ್ಟು ಬಂತು. ನೇಮಕಾತಿ ಅಂದರೆ ಅಜ್ಜಿಯ ಬಾಯಿಗೆ ಹೊಂದುವುದೇ?

ಅಂದಿನಿಂದ ಅವರ ಪದ್ಧತಿಗೆ ‘ಮಾನ್ವಿ ವಧೂವರರ ಕೇಂದ್ರ’ ಎಂದು ಹೆಸರಿಟ್ಟೆ. ಮಿಲ್ಲಿನಲ್ಲಿ ಊಟದ ಹೊತ್ತಿಗೆ ಅವರ ದನಿಯನ್ನು ಅನುಕರಿಸುತ್ತಿದ್ದೆ. ಸಂಜೆ ಮನೆಗೆ ಬಂದು ಅವ್ವನ ಮುಂದೆಯೂ ಅದೇ ಆಟ. “ಹಿರೇರದಾರ, ಹಂಗ ಆಡಿಕೋಬಾರದು” ಎಂದು ಅವ್ವ ಎದ್ದು ಒಳಗೆ ಹೋಗುತ್ತಿದ್ದಳು. ದಿವಾನಜಿಯವರ ಕಿವಿಗೂ ಬಿತ್ತು. “ಕೇಂದ್ರಕ್ಕ ಒಂದು ಬೋರ್ಡ್ ಹಾಕಸ್ರಿ ಸಾಹೇಬ್ರ” ಅಂದು ನಕ್ಕರು. ಅಕ್ಕಿ ಹಸನು ಮಾಡುವ ಹೆಣ್ಣುಮಕ್ಕಳು ನಾನು ಎದುರಾದಾಗಲೆಲ್ಲ, “ಅವ್ವಾರು ಆರಾಮದಾರೇನ್ರೀ?” ಎಂದು ಕೇಳುತ್ತಿದ್ದರು. ಹಳ್ಳಿಯ ಜನ ಎಷ್ಟು ಒಳ್ಳೆಯವರು, ನೋಡದ ತಾಯಿಯನ್ನೂ ವಿಚಾರಿಸುತ್ತಾರೆ ಎಂದು ನಾನು ಗೆಳೆಯರ ಮುಂದೆ ಹೊಗಳುತ್ತಿದ್ದೆ.

ಮೂರನೆಯ ವರ್ಷ ನನ್ನ ಪ್ರತಾಪ ತೋರಿಸಿದೆ. ವಿಶ್ವವಿದ್ಯಾಲಯಕ್ಕೆ ಹೋಗಿ ಬ್ಯಾನರ್ ಕಟ್ಟಿ, ಒಂದೇ ದಿನದಲ್ಲಿ ಒಂಬತ್ತು ಪದವೀಧರರನ್ನು ಆರಿಸಿದೆ. ಹೂಗುಚ್ಛ, ನೇಮಕಾತಿ ಪತ್ರ, ಗ್ರೂಪ್ ಫೋಟೋ, ಎಲ್ಲ ಆಯಿತು. ಸೇರುವ ದಿನ ನಾಲ್ಕು ಜನ ಬಂದರು. ಐದನೆಯವನೂ ಮಾನ್ವಿ ಬಸ್ ನಿಲ್ದಾಣದವರೆಗೆ ಬಂದಿದ್ದನಂತೆ. ಇಳಿಯದೆ ಕಿಟಕಿಯಿಂದ ಒಂದು ಸುತ್ತು ನೋಡಿ, ಅದೇ ಬಸ್ಸಿನಲ್ಲಿ ವಾಪಸ್ ಹೋದ. ಒಬ್ಬಳ ತಂದೆ ಫೋನ್ ಮಾಡಿ, “ಮಿಲ್ಲಿನ್ಯಾಗ ಧೂಳ ಕುಡ್ಯಾಕ ಎಂಎಸ್ಸಿ ಓದ್ಸಿಲ್ರಿ” ಅಂದರು. ಹನ್ನೊಂದನೆಯ ದಿನಕ್ಕೆ ಕೊನೆಯವನೂ ಹೋದ. ಹೋಗುವಾಗ ನಾನು ಕೊಟ್ಟ ‘ನಮ್ಮ ಕುಟುಂಬಕ್ಕೆ ಸ್ವಾಗತ’ ಎಂಬ ಚಹಾದ ಕಪ್ಪನ್ನು ಮೇಜಿನ ಮೇಲೆ ಬೋರಲು ಹಾಕಿ ಹೋಗಿದ್ದ. ದಿವಾನಜಿ ಆ ಕಪ್ಪನ್ನು ತೊಳೆದು, ಅದರಲ್ಲೇ ಚಹಾ ಕುಡಿಯಲು ಸುರು ಮಾಡಿದರು.

ಅದೇ ಹೊತ್ತಿಗೆ ಹೈದರಾಬಾದಿನ ದೊಡ್ಡ ಖರೀದಿದಾರರು, ಅಕ್ಕಿ ಪರೀಕ್ಷಿಸಲು ಲ್ಯಾಬಿನಲ್ಲಿ ಓದಿದವರಿದ್ದರೆ ಮಾತ್ರ ಮಾಲು ಒಯ್ಯುತ್ತೇವೆ ಎಂದರು. ಸಾವ್ಕಾರರು ನನ್ನನ್ನು ಕರೆದರು. “ಉಗಾದಿಗೆ ಲ್ಯಾಬಿನ ಕುರ್ಚಿ ಮ್ಯಾಲ ಓದಿದವರು ಕುಂತಿರಬೇಕು. ಇಲ್ಲಾಂದ್ರ ನಿಮ್ಮ ಕುರ್ಚಿನೂ ಎತ್ತಿಡ್ತೀನಿ.” ಉಗಾದಿಗೆ ಒಂದೇ ತಿಂಗಳಿತ್ತು.

ಬಂದ ಅರ್ಜಿ ಒಂದೇ. ದೇವದುರ್ಗ ತಾಲೂಕಿನ ಗೂಗಲ್ ಎಂಬ ಊರಿನ ಹತ್ತಿರದ ಹಳ್ಳಿಯ ಹುಡುಗಿ, ಎಂಎಸ್ಸಿ. ಕುರಿ ಸಾಕುವ ಮನೆ. ಫೋನಿನಲ್ಲಿ ಮಾತಾಡಿದೆ. ಅಕ್ಕಿಯ ತೇವದ ಬಗ್ಗೆ ನಾನು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು, ತಿರುಗಿ ಆಕೆ ಕೇಳಿದ ಪ್ರಶ್ನೆ ನನಗೆ ತಿಳಿಯಲೇ ಇಲ್ಲ. ಇವಳೇ ಸರಿ ಅಂದುಕೊಂಡೆ. ದಿವಾನಜಿ ಆಗ ಜ್ವರ ಬಂದು ಕುರ್ಡಿಯ ಮನೆಯಲ್ಲಿ ಮಲಗಿದ್ದರು. ಒಳಗೊಳಗೆ ನನಗೆ ಖುಷಿಯೇ ಆಯಿತು. ಈ ಸಲ ವಧೂವರರ ಕೇಂದ್ರದ ಹಂಗಿಲ್ಲ.

ದೇವದುರ್ಗದವರೆಗೆ ಬಸ್ಸು, ಅಲ್ಲಿಂದ ಟಂಟಂ ಆಟೋ. ಅಂಗಳದಲ್ಲಿ ಹೊರಸಿನ ಮೇಲೆ ಕೂರಿಸಿದರು. ಲ್ಯಾಪ್‌ಟಾಪ್ ತೆರೆದೆ. ಬಿಸಿಲಿಗೆ ಪರದೆಯ ಮೇಲೆ ನನ್ನ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ. ಕುರಿಮರಿಯೊಂದು ಬಂದು ಚಾರ್ಜರಿನ ವೈರು ನೆಕ್ಕತೊಡಗಿತು. ಹುಡುಗಿಯ ತಂದೆ ಸುಮ್ಮನೆ ಕುಳಿತಿದ್ದ. ಆ ಮನೆಯಲ್ಲಿ ಮಾತೆಲ್ಲ ಅಜ್ಜಿಯದು.

“ಅಲ್ಲಿ ಹೆಣ್ಮಕ್ಕಳ ಪಾಯಖಾನಿಗೆ ಚಿಲಕ ಅದ ಏನಪ್ಪಾ?”

“ಮೂಲಭೂತ ಸೌಕರ್ಯ ಎಲ್ಲಾ ಅದಾವ್ರಿ” ಎಂದೆ.

“ಅದನ್ನ ಕೇಳಿಲ್ಲ ನಾ. ಚಿಲಕ ಅದನೋ ಇಲ್ಲೋ?”

ನನಗೆ ಗೊತ್ತಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಗೊತ್ತಿರಲಿಲ್ಲ. “ನೋಡಿ ಹೇಳ್ತೀನ್ರಿ” ಎಂದೆ.

“ಮೂರು ವರ್ಷಾತಂತ ಅಲ್ಲಿ ಸೇರಿ. ಇನ್ನಾ ನೋಡಿ ಹೇಳ್ತಾನಂತ” ಎಂದು ಅಜ್ಜಿ ಎದ್ದು ಕುರಿಗಳ ಕಡೆ ಹೋದಳು. ಮಾತು ಮುಗಿದಿತ್ತು.

ಟಂಟಂ ನಿಲ್ಲುವ ಜಾಗದವರೆಗೆ ಹುಡುಗಿ ಬಂದಳು. “ಸರ್, ಎಂಎಸ್ಸಿ ಮುಗಿಸಿ ಎರಡು ವರ್ಷ ಮನ್ಯಾಗ ಅದೀನಿ. ಈ ಕೆಲಸ ನನಗ ಬೇಕೇ ಬೇಕು. ಇದೊಂದ್ಸಲ ಅಜ್ಜಿ ಒಲ್ಲೆ ಅಂದ್ರ, ಮುಂದ ಎಲ್ಲಿಗೂ ಕಳಸಂಗಿಲ್ಲ. ಏನರ ಮಾಡ್ರಿ” ಅಂದಳು. ಎರಡು ವರ್ಷ ಮನೆಯಲ್ಲಿ ಕೂರುವುದು ಏನೆಂದು ನನಗೆ ಗೊತ್ತು. ದೇವದುರ್ಗ ಬರುವವರೆಗೆ ನನಗೆ ನನ್ನ ಕುರ್ಚಿಯ ಚಿಂತೆ ಮರೆತುಹೋಗಿತ್ತು.

ಮರುದಿನ ಮಿಲ್ಲಿಗೆ ಬಂದವನೇ ಹಿತ್ತಲಿಗೆ ಹೋದೆ. ಹೆಣ್ಣುಮಕ್ಕಳ ಪಾಯಖಾನೆಯ ಮುಂದೆ ಒಬ್ಬಾಕೆ ಬಾಗಿಲನ್ನು ಹಿಡಿದು ನಿಂತಿದ್ದಳು. ಅವಳ ತಲೆಯ ಮೇಲೆ ಬಾಗಿಲಿಗೆ ನಾನೇ ಸಹಿ ಮಾಡಿ ಅಂಟಿಸಿದ ಸೂಚನೆ: ‘ಒಬ್ಬೊಬ್ಬರಾಗಿಯೇ ಹೋಗತಕ್ಕದ್ದು. ಇಬ್ಬಿಬ್ಬರು ಹೋಗಿ ಕೆಲಸದ ವೇಳೆ ಹಾಳು ಮಾಡಬಾರದು.’ ಚಿಲಕ ತುಕ್ಕು ಹಿಡಿದು ಬಿದ್ದು ವರ್ಷವಾಗಿತ್ತು. ಒಳಗೆ ಒಬ್ಬರು, ಹೊರಗೆ ಬಾಗಿಲು ಹಿಡಿಯಲು ಒಬ್ಬರು. ದಿವಾನಜಿ ಆಗಲೇ ಹೇಳಿದ್ದರು, “ಆ ಬಾಗಲಾ ಒಂದ್ಸಲ ನೋಡ್ರಿ ಸಾಹೇಬ್ರ” ಎಂದು. ನಾನು ಡೈರಿಯಲ್ಲಿ ‘ಪರಿಶೀಲನೆಯಲ್ಲಿದೆ’ ಎಂದು ಬರೆದಿಟ್ಟಿದ್ದೆ. ಸೂಚನೆಯನ್ನು ಹರಿದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆಕೆ, “ಅವ್ವಾರು ಆರಾಮದಾರೇನ್ರೀ?” ಎಂದು ಕೇಳಿದಳು.

ಕುರ್ಡಿಗೆ ಹೋಗಿ ದಿವಾನಜಿಯವರ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಕುರಿಮರಿಯ ಸುದ್ದಿ ಕೇಳಿ ಕೆಮ್ಮು ಬರುವವರೆಗೆ ನಕ್ಕರು. ಹಾಸಿಗೆಯಲ್ಲೂ ಟೊಪ್ಪಿಗೆ ಇತ್ತು. “ಫೋನ್ ಹಚ್ರಿ ಅವರಿಗೆ. ಮನಿ ನೋಡಾಕ ಬರ್ರಿ ಅನ್ರಿ. ಉಳಕೊಳ್ಳಾಕ ಮಾನ್ವ್ಯಾಗ ನನ್ನ ತಂಗಿ ಮನಿ ಅದ, ಅದನ್ನೂ ನೋಡ್ಲಿ. ನಾ ಬರ್ತೀನಿ” ಅಂದರು.

ರಾಯಚೂರಿನಲ್ಲಿ ಒಳ್ಳೆಯ ಹಿತ್ತಾಳೆ ಚಿಲಕ ಕೊಂಡೆ. ಪಶ್ಚಾತ್ತಾಪದ ಭರದಲ್ಲಿ, ನಾನೇ ಕೂಡಿಸುತ್ತೇನೆ ಎಂದು ಎಲ್ಲರನ್ನೂ ದೂರ ಕಳಿಸಿದೆ. ಹುಟ್ಟಿದಾಗಿನಿಂದ ಸ್ಕ್ರೂ ಡ್ರೈವರ್ ಹಿಡಿದವನಲ್ಲ. ಒಂದು ತಾಸು ಬೆವರು ಸುರಿಸಿ ಕೂಡಿಸಿ, ದೂರ ನಿಂತು ನೋಡಿ, ಫೋಟೋ ಕೂಡ ತೆಗೆದೆ.

ಅವರು ಬಂದರು. ಅಜ್ಜಿ, ತಂದೆ, ಹುಡುಗಿ. ದಿವಾನಜಿ ಕಿವಿಗೆ ಮಫ್ಲರ್ ಸುತ್ತಿ, ಅದರ ಮೇಲೆ ಟೊಪ್ಪಿಗೆ ಇಟ್ಟುಕೊಂಡು ಆಟೋದಿಂದ ಇಳಿದರು. ಅಜ್ಜಿ ಚಹಾ ಮುಟ್ಟಲಿಲ್ಲ, ಯಂತ್ರ ನೋಡಲಿಲ್ಲ, ಲ್ಯಾಬು ನೋಡಲಿಲ್ಲ. ನೇರ ಹಿತ್ತಲಿಗೆ ನಡೆದಳು. ನಾವೆಲ್ಲ ಹಿಂದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮತ್ತೆ ಬಾಗಿಲು ತೆರೆಯಿತು.

“ಚಿಲಕ ಹೊರಗದ! ಒಳಗ ಹೋದವರನ್ನ ಕೂಡಿ ಹಾಕಾಕ ಇಟ್ಟೀರೇನು ಇದನ್ನ?”

ಹೆಣ್ಣಾಳುಗಳು ಬಾಯಿಗೆ ಸೆರಗು ಒತ್ತಿಕೊಂಡರು. ಲಾರಿಯ ಮೇಲಿದ್ದ ಹಮಾಲರು ಮೂಟೆ ಬಿಟ್ಟು ನಗತೊಡಗಿದರು. ಹೊರಗೆ ಬೆಳಕು ಚೆನ್ನಾಗಿತ್ತು, ನಿಲ್ಲಲು ಜಾಗವಿತ್ತು. ಅದಕ್ಕೇ ಹೊರಗೆ ಕೂಡಿಸಿದ್ದೆ. ನನ್ನ ಬಳಿ ಬೇರೆ ಕಾರಣವಿಲ್ಲ. ಆ ನಗುವಿನಲ್ಲಿ ಹುಡುಗಿಯೊಬ್ಬಳೇ ನಗಲಿಲ್ಲ. ತನ್ನ ಕೈಲಿದ್ದ ಸರ್ಟಿಫಿಕೇಟಿನ ಫೈಲನ್ನು ನೋಡುತ್ತ ನಿಂತಿದ್ದಳು.

ಅಜ್ಜಿ ದಿವಾನಜಿಯವರ ಕಡೆ ತಿರುಗಿದಳು. “ಯಪ್ಪಾ, ನೀವು ಹಿರೇರದೀರಿ, ಖರೇ ಹೇಳ್ರಿ. ಇಂಥವನ ಕೈಯಾಗ ನಮ್ಮ ಹುಡುಗೀನ ಬಿಡೂದೇನು? ಎಲ್ಲಿಂದ ಹಿಡಕೊಂಡು ಬಂದೀರಿ ಇವನ್ನ?”

ದಿವಾನಜಿ ನನ್ನ ಮುಖ ನೋಡಿದರು. ಟೊಪ್ಪಿಗೆ ಸರಿಮಾಡಿಕೊಂಡರು. ಅವರು ಮಾತಿಗೆ ಅಷ್ಟು ತಡಮಾಡಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

“ಇವರನ್ನೂ ಮನಿ ನೋಡೇ ತಂದೀನಿ ಯವ್ವಾ. ರಾಯಚೂರಿಗೆ ಹೋದಾಗ ಇವರು ಮನ್ಯಾಗ ಇರಲಿಲ್ಲ, ಅವರವ್ವ ಕೊಟ್ಟ ಉಪ್ಪಿಟ್ಟು ತಿಂದು ಬಂದೆ. ಆಮ್ಯಾಲ ಅವರವ್ವ ಮೊಣಕಾಲು ನೋವಿನ್ಯಾಗ ಬಸ್ಸು ಹತ್ತಿ ಬಂದು ಇಡೀ ಮಿಲ್ಲು ನೋಡಿದ್ರು. ನೀರು ಕುಡದು ನೋಡಿದ್ರು. ಈ ಹೆಣ್ಮಕ್ಕಳ ಜೋಡಿ ಕುಂತು ರೊಟ್ಟಿ ತಿಂದ್ರು. ‘ಕಳಸ್ತೀನ್ರಿ’ ಅಂದ್ರು. ಅವಾಗ ಚಿಲಕ ಒಳಗೇ ಇತ್ತು. ಇವರ ಕೈಲೆ ತಪ್ಪಾಗ್ತದ, ಇಲ್ಲ ಅನ್ನಂಗಿಲ್ಲ. ಆದ್ರ ಹೇಳಿದ್ರ ತಿದ್ದತಾರ. ಬಿಟ್ಟು ಓಡಂಗಿಲ್ಲ.”

“ಹೌದು ಬೇ ಯವ್ವಾ, ನಮ್ಮ ಜೋಡಿನ ಉಂಡ್ರು. ಶೇಂಗಾ ಚಟ್ನಿ ತಂದಿದ್ರು” ಎಂದು ಬಾಗಿಲು ಹಿಡಿದು ನಿಲ್ಲುತ್ತಿದ್ದಾಕೆ ಸಾಕ್ಷಿ ಹೇಳಿದಳು.

ನಾನು ಚಿಲಕ ಬಿಚ್ಚಲೆಂದು ಜೇಬಿನಿಂದ ತೆಗೆದ ಸ್ಕ್ರೂ ಡ್ರೈವರ್ ಹಿಡಿದು ನಿಂತಿದ್ದೆ. ಇಡೀ ಮಿಲ್ಲಿಗೆ ಗೊತ್ತಿತ್ತು. ಮೊಣಕಾಲು, ಮಲ್ಲಿಗೆಯಂಥ ಅನ್ನ, ‘ಅವ್ವಾರು ಆರಾಮದಾರೇನ್ರೀ’, ಎಲ್ಲ ಒಂದೊಂದಾಗಿ ತಲೆಗೆ ಬಂದು ಬಡಿದವು. ನನ್ನ ಇಪ್ಪತ್ತೆರಡು ಸ್ಲೈಡುಗಳನ್ನು ದಿವಾನಜಿ ನೋಡಿದ್ದೇ ನನಗೆ ಕೆಲಸ ಕೊಡುವುದೆಂದು ಗೊತ್ತುಮಾಡಿದ ಮೇಲೆ.

“ಅವರವ್ವ ಬಂದು ನೋಡ್ಯಾಳ?” ಎಂದು ಅಜ್ಜಿ ಕೇಳಿದಳು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ನೋಡಿದಳು. “ಹಂಗಾರ ಚಿಲಕ ಒಳಗ ಕೂಡ್ಸಪ್ಪಾ. ನಾ ಕುಂದರ್ತೀನಿ” ಎಂದು ಅಲ್ಲೇ ಅಕ್ಕಿ ಮೂಟೆಯ ಮೇಲೆ ಕುಳಿತಳು.

ಎಲ್ಲರ ಕಣ್ಣ ಮುಂದೆ ಬಿಚ್ಚಿ ಒಳಗೆ ಕೂಡಿಸಿದೆ. ನಾಲ್ಕನೆಯ ಸ್ಕ್ರೂ ಸಡಿಲವಿತ್ತು. ಹುಡುಗಿ ಬಂದು ನನ್ನ ಕೈಯಿಂದ ಸ್ಕ್ರೂ ಡ್ರೈವರ್ ತೆಗೆದುಕೊಂಡು ಬಿಗಿ ಮಾಡಿದಳು. ಅಜ್ಜಿ ಒಳಗೆ ಹೋಗಿ ಚಿಲಕವನ್ನು ಮೂರು ಸಲ ಹಾಕಿ ತೆಗೆದಳು. ಹೊರಗೆ ಬಂದು, “ಸೋಮವಾರ ಕಳಸ್ತೀವಿ” ಅಂದಳು. ದಿವಾನಜಿ ತಮ್ಮ ಕೊನೆಯ ಪ್ರಶ್ನೆಯನ್ನು ಬಿಡಲಿಲ್ಲ. ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಅಜ್ಜಿಗೆ ಯಾರೂ ಕಲಿಸಬೇಕಾಗಲಿಲ್ಲ. “ನನ್ನ ಮೊಮ್ಮಗಳು ಅಕ್ಕಿ ಪರೀಕ್ಷಾ ಮಾಡೂ ಆಫೀಸರ್ ಅದಾಳಂತ ಹೇಳ್ತೀನಿ. ಮತ್ತ?”

ಅವತ್ತು ಮನೆಗೆ ಹೋದವನೇ ಅವ್ವನನ್ನು ಕೇಳಿದೆ. “ಹೌದು, ಹೋಗಿದ್ದೆ. ಏನಾತೀಗ? ಕೈಕಾಲು ತೊಳಕೊಂಡು ಬಾ, ಹೋಳಿಗಿ ಆರ್ತಾವ” ಅಂದಳು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಹೋಳಿಗೆ! ಲ್ಯಾಬಿಗೆ ಜನ ಸಿಕ್ಕ ಸುದ್ದಿ ಯಾರೋ ಮುಟ್ಟಿಸಿರಬೇಕು, ನನ್ನ ಗೆಲುವಿಗೆ ಮಾಡಿದ್ದಾಳೆ ಅಂದುಕೊಂಡೆ. ನಾಚಿಕೆ ಎಲ್ಲೋ ಹೋಯಿತು. ಗಡದ್ದಾಗಿ ತಿಂದೆ.

ಆ ಹುಡುಗಿ ಲ್ಯಾಬಿಗೆ ಬಂದು ಐದು ವರ್ಷ ದಾಟಿದೆ. ಈಗ ಅವಳ ಕೈಕೆಳಗೆ ಇನ್ನಿಬ್ಬರು ಪದವೀಧರರು. ಅವರ ಮನೆಗಳಿಗೆ ಅಕ್ಕಿಯ ಗಂಟು ಹಿಡಿದು ಹೋದವರು ನಾನು ಮತ್ತು ಅವಳು. ನಾನು ಉಪ್ಪಿಟ್ಟು ತಿನ್ನುತ್ತೇನೆ, ಮಾತು ಅವಳದು. ದಿವಾನಜಿ ಎರಡು ವರ್ಷದ ಹಿಂದೆ ಕೆಲಸ ಬಿಟ್ಟರು. ಹೋಗುವಾಗ ಆ ‘ನಮ್ಮ ಕುಟುಂಬಕ್ಕೆ ಸ್ವಾಗತ’ದ ಕಪ್ಪೊಂದನ್ನೇ ಕೇಳಿ ಒಯ್ದರು. ಮೊನ್ನೆ ಕುರ್ಡಿಯ ಮನೆಯ ಗೂಡಿನಲ್ಲಿ ಅದನ್ನು ಕಂಡೆ. ಹಿಡಿಕೆ ಮುರಿದಿತ್ತು.

ಮಣ್ಣು ಮಾಡುವ ದಿನ ಹೋಗಲಾಗದ್ದಕ್ಕೆ ಮೂರನೆಯ ದಿನ ಮನೆಯವರನ್ನು ಮಾತಾಡಿಸಿ, ಅವ್ವ ಮತ್ತು ನಾನು ಮಧ್ಯಾಹ್ನದ ಬಸ್ಸಿಗೆ ರಾಯಚೂರಿನ ಕಡೆ ಹೊರಟೆವು. ಫ್ಲೆಕ್ಸು ಹಿಂದೆ ಸರಿಯಿತು. ನಾನು ಅಂದೆ, “ಮೂರು ವರ್ಷ ಎಷ್ಟು ಆಡಿಕೊಂಡೆ ಅವರನ್ನ. ‘ನಿನ್ನನ್ನೂ ಹಿಂಗ ತಂದೀನಿ’ ಅಂದಿದ್ರ ಒಂದ ಮಾತಿಗೆ ನನ್ನ ಬಾಯಿ ಮುಚ್ಚತಿತ್ತು. ಯಾಕ ಅನ್ನಲಿಲ್ಲವ್ವಾ?”

ಅವ್ವ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. “ನಾನ ಬ್ಯಾಡ ಅಂದಿದ್ದೆ. ಎರಡು ವರ್ಷ ಮನ್ಯಾಗ ಕುಂತು ಒಳಗ ಸಣ್ಣಾಗಿದ್ದಿ ನೀ. ‘ತನ್ನ ಓದಿಗೇ ಕೆಲಸ ಸಿಕ್ತು ಅಂದ್ಕೊಳ್ಳಲಿ, ನಾ ಬಂದದ್ದು ಹೇಳಬ್ಯಾಡ್ರಿ’ ಅಂತ ಅವರಿಗೆ ಕೈ ಮುಗದಿದ್ದೆ. ‘ಆತು ಯವ್ವಾ, ಮಾತು ಕೊಟ್ಟೆ’ ಅಂದ್ರು. ಮಿಲ್ಲಿನ ಹೆಣ್ಮಕ್ಕಳಿಗೂ ಅವರ ಹೇಳಿದ್ರು.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

“ಆ ಹುಡುಗಿ ಅಜ್ಜಿ ಬಂದಿದ್ದ ದಿನ ಫೋನ್ ಮಾಡಿದ್ರು. ‘ಯವ್ವಾ, ನಿಮಗ ಕೊಟ್ಟ ಮಾತು ಇವತ್ತ ಮುರದೆ. ಹುಡುಗಿ ಕೆಲಸ ಕೈಬಿಟ್ಟು ಹೊಂಟಿತ್ತು, ಬ್ಯಾರೆ ದಾರಿ ಕಾಣಲಿಲ್ಲ. ತಪ್ಪಾತು. ನಿಮ್ಮ ಮಗ ಮಂದ್ಯಾಗ ನಾಚಿಕೊಂಡು ಮನಿಗೆ ಬರಾಕತ್ತಾನ. ಏನರ ಸೀ ಮಾಡಿ ಹಾಕ್ರಿ’ ಅಂದ್ರು.”

ಅವತ್ತು ಹೋಳಿಗೆಗೆ ತುಪ್ಪ ಸಾಲದೆಂದು ನಾನು ಎರಡು ಸಲ ಕೇಳಿ ಹಾಕಿಸಿಕೊಂಡಿದ್ದೆ.